ಮಗು ‘ಸಾಕು’ ಅಂದರೆ ಸಾಕು

ರಾತ್ರಿ ಎಂಟೂವರೆ. ಸೋಫಾದ ಮೂಲೆಯಲ್ಲಿ ಒಂದೂವರೆ ವರ್ಷದ ಮಗು, ಎದುರಿಗೆ ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲು. ಅಜ್ಜಿಯ ಕೈಯಲ್ಲಿ ಬೇಳೆಕಟ್ಟು, ತುಪ್ಪ ಹಾಕಿ ನುಣ್ಣಗೆ ಕಲಸಿದ ಅನ್ನದ ಬಟ್ಟಲು. ಪರದೆಯ ಮೇಲೆ ಹಾಡು ಓಡುವಷ್ಟು ಹೊತ್ತು ಮಗುವಿನ ಬಾಯಿ ತಾನಾಗಿ ತೆರೆಯುತ್ತದೆ. ನಡುವೆ ಜಾಹೀರಾತು ಬಂದರೆ ಮುಚ್ಚಿಕೊಳ್ಳುತ್ತದೆ. ‘ಇದು ಅಪ್ಪನ ತುತ್ತು, ಇದು ತಾತನ ತುತ್ತು, ಇದೊಂದೇ ಕೊನೇದು ಬಂಗಾರ’ ಎನ್ನುತ್ತ ಮುಕ್ಕಾಲು ಗಂಟೆ ಕಳೆದಿದೆ. ಕೊನೆಯ ತುತ್ತು ಗಂಟಲಿಗಿಳಿಯದೆ ಕೆನ್ನೆಯಲ್ಲೇ ಉಳಿದಿದೆ. ಇನ್ನೆರಡು ನಿಮಿಷಕ್ಕೆ ಅದು ಅಜ್ಜಿಯ ಸೀರೆಯ ಮೇಲೆ ಬೀಳುತ್ತದೆ, ಅಜ್ಜಿ ಗದರುತ್ತಾರೆ, ಮಗು ರಚ್ಚೆ ಹಿಡಿಯುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೇ ಪಾಡು, ಹಾಸನದ ಹಳ್ಳಿಮನೆಯ ಜಗಲಿಯಲ್ಲೂ ಇದೇ ಪಾಡು. ಅಜ್ಜಿಯ ಅಕ್ಕರೆಯಲ್ಲಿ ಕೊರತೆಯಿಲ್ಲ. ತಪ್ಪಿರುವುದು ಲೆಕ್ಕ.

ಹುಟ್ಟಿದಾಗ 3 ಕಿಲೋ ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕಿಲೋ ತೂಗುತ್ತದೆ. ಎರಡನೇ ವರ್ಷವಿಡೀ ಅದು ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಬೆಳವಣಿಗೆಯ ಓಟ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಅದೇ ಹೊತ್ತಿಗೆ ಮಗು ನಡೆಯಲು ಕಲಿತಿರುತ್ತದೆ, ‘ಬೇಡ’ ಎನ್ನಲು ಕಲಿತಿರುತ್ತದೆ, ಹೊಸ ಬಣ್ಣದ ಪಲ್ಯ ಕಂಡರೆ ಅನುಮಾನದಿಂದ ನೋಡುತ್ತದೆ. ಮನೆಯವರಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹಸಿವಾಗಲು ಟಾನಿಕ್ ಬರೆದುಕೊಡಿ ಎಂದು ವೈದ್ಯರಲ್ಲಿಗೆ ಓಡುತ್ತಾರೆ. ಆ ಮಗುವಿಗೆ ಬೇಕಿರುವುದು ಟಾನಿಕ್ ಅಲ್ಲ, ಸ್ವಲ್ಪ ಬಿಡುವು.

ಎಷ್ಟು ತಿನ್ನಬೇಕೆಂದು ಮಗುವಿಗೇನು ಗೊತ್ತು ಎಂಬುದು ಹಳೆಯ ಪ್ರಶ್ನೆ. ಷಿಕಾಗೋದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಅದನ್ನೇ ಪರೀಕ್ಷೆಗೆ ಒಡ್ಡಿದರು. ಬೇರೆ ಆಹಾರದ ರುಚಿಯನ್ನೇ ಕಾಣದ, ಆಗಷ್ಟೇ ಎದೆಹಾಲು ಬಿಟ್ಟ 15 ಶಿಶುಗಳ ಮುಂದೆ ಹಾಲು, ಮೊಟ್ಟೆ, ಮಾಂಸ, ಮೀನು, ಧಾನ್ಯ, ಹಣ್ಣು, ತರಕಾರಿಗಳ ಬಟ್ಟಲುಗಳನ್ನು ಇಡಲಾಯಿತು. ಪಕ್ಕದಲ್ಲಿ ಚಮಚ ಹಿಡಿದು ಕುಳಿತ ದಾದಿಗೆ ಒಂದೇ ಕಟ್ಟಪ್ಪಣೆ: ಮಗು ಕೈಚಾಚಿದರೆ ಮಾತ್ರ ಕೊಡಬೇಕು, ತಿನ್ನು ಎನ್ನಲೂ ಬಾರದು, ಬೇಡ ಎನ್ನಲೂ ಬಾರದು. ಮಕ್ಕಳು ವಿಚಿತ್ರವಾಗಿ ತಿಂದರು. ಒಂದು ಹೊತ್ತು ಬರೀ ಕಿತ್ತಳೆ ರಸ ಮತ್ತು ಈಲಿ, ಇನ್ನೊಂದು ಹೊತ್ತು ಮೊಟ್ಟೆ ಮೇಲೆ ಮೊಟ್ಟೆ. ಆದರೂ ಎಲ್ಲರೂ ಚೆನ್ನಾಗಿ ಬೆಳೆದರು. 1939ರಲ್ಲಿ ಫಲಿತಾಂಶ ಬರೆಯುವಾಗ ಡೇವಿಸ್ ಒಂದು ಮಾತನ್ನು ಒತ್ತಿ ಹೇಳಿದರು: ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲಿ. ಸಕ್ಕರೆಯಾಗಲಿ ಮೈದಾದ ತಿನಿಸಾಗಲಿ ಅದರಲ್ಲಿ ಇರಲೇ ಇಲ್ಲ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಮುಂದೆ ಇದೇ ದಾರಿಯಲ್ಲಿ ಕೆಲಸ ಹಂಚಿಕೊಟ್ಟರು. ಏನು ಕೊಡಬೇಕು, ಯಾವಾಗ, ಎಲ್ಲಿ ಕೂರಿಸಿ ಕೊಡಬೇಕು ಎಂಬುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಎಂಬುದು ಮಗುವಿನ ಪಾಲು. ನಮ್ಮ ಮನೆಗಳಲ್ಲಿ ಈ ಪಾಲು ತಲೆಕೆಳಗಾಗಿದೆ. ಏನು ಬೇಕೆಂದು ಮಗು ಬಿಸ್ಕತ್ತಿನ ಡಬ್ಬಿ ತೋರಿಸಿ ತೀರ್ಮಾನಿಸುತ್ತದೆ, ಎಷ್ಟು ಎಂಬುದನ್ನು ದೊಡ್ಡವರು ಬಾಯಿಗೆ ತುರುಕಿ ತೀರ್ಮಾನಿಸುತ್ತಾರೆ.

ತುರುಕಿದ್ದರಿಂದ ಲಾಭವಾದರೂ ಇದೆಯೇ? 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು, ಒಂದನ್ನು ಮಾತ್ರ ಮುಗಿಸು ಮುಗಿಸು ಎಂದು ಒತ್ತಾಯಿಸಲಾಯಿತು. ಮಕ್ಕಳು ಹೆಚ್ಚು ಕುಡಿದದ್ದು ಒತ್ತಾಯವಿಲ್ಲದ ಸೂಪನ್ನೇ. ಆಮಿಷವೂ ಅಷ್ಟೇ. ಲೀಯನ್ ಬರ್ಚ್ ಎಂಬ ಮನೋವಿಜ್ಞಾನಿ 1984ರಲ್ಲೇ ತೋರಿಸಿಕೊಟ್ಟಂತೆ, ಬಹುಮಾನದ ಆಸೆಗೆ ಕುಡಿದ ಪಾನೀಯ ಮಕ್ಕಳಿಗೆ ಮೊದಲಿಗಿಂತ ಕಡಿಮೆ ಇಷ್ಟವಾಯಿತು. ‘ಬೀನ್ಸ್ ಪಲ್ಯ ತಿಂದರೆ ಚಾಕೊಲೇಟ್’ ಎಂದಾಗ ಮಗು ಕಲಿಯುವ ಪಾಠ ಒಂದೇ: ಪಲ್ಯ ಶಿಕ್ಷೆ, ಚಾಕೊಲೇಟ್ ಹಬ್ಬ. ಹೊಸ ತರಕಾರಿ ಒಗ್ಗಲು ಎಂಟು ಹತ್ತು ಸಲವಾದರೂ ತಟ್ಟೆಗೆ ಬರಬೇಕಾಗುತ್ತದೆ. ಎರಡೇ ಸಲಕ್ಕೆ ‘ನಮ್ಮ ಮಗೂಗೆ ಸೊಪ್ಪು ಆಗಲ್ಲ’ ಎಂದು ಷರಾ ಬರೆದುಬಿಡುವುದು ಅನ್ಯಾಯ.

ಇಲ್ಲಿ ಒಂದು ಆಕ್ಷೇಪ ಏಳಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ಆರು ತಿಂಗಳಿಂದ ಐದು ವರ್ಷದವರಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಇಂಥ ರಾಜ್ಯದಲ್ಲಿ ‘ಬಲವಂತ ಮಾಡಬೇಡಿ’ ಎನ್ನುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಅಲ್ಲ. ಬಡತನದ ಮನೆಯಲ್ಲಿ ತಟ್ಟೆಗೆ ಬೇಳೆ, ಮೊಟ್ಟೆ ಬರುವಂತೆ ಮಾಡುವುದು ಸರ್ಕಾರದ ಹೊಣೆ, ಅದರಲ್ಲಿ ರಿಯಾಯಿತಿ ಇಲ್ಲ. ಉಳ್ಳವರ ಮನೆಯ ರಕ್ತಹೀನತೆಯ ಕತೆ ಬೇರೆ. ಅಲ್ಲಿ ಬಲವಂತದಿಂದ ಒಳಹೋಗುತ್ತಿರುವುದು ಬಹುಪಾಲು ಬರೀ ಬಿಳಿ ಬಣ್ಣ: ಹಾಲು, ಹಾಲನ್ನ, ಮೊಸರನ್ನ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಹೊಟ್ಟೆಯೂ ತುಂಬುತ್ತದೆ, ರಕ್ತವೂ ಕುಂದುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಬಾಟಲಿ ಹಾಲು ಕುಡಿಸಿ, ಆಮೇಲೆ ಮಗು ಊಟ ಮಾಡುವುದಿಲ್ಲ ಎಂದು ಕೊರಗಿದರೆ ತಪ್ಪು ಯಾರದು?

ಮೊಬೈಲಿನ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ. ಎರಡು ವರ್ಷದೊಳಗೆ ಪರದೆಯೇ ಬೇಡ, ಆಮೇಲೆ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಹಿಂದೆ ಚಂದಮಾಮನನ್ನು ತೋರಿಸಿ ಉಣಿಸುತ್ತಿರಲಿಲ್ಲವೇ ಎನ್ನುವವರಿದ್ದಾರೆ. ಆಗ ಉಣಿಸುವವರ ಕಣ್ಣು ಮಗುವಿನ ಮುಖದ ಮೇಲೆಯೇ ಇರುತ್ತಿತ್ತು, ಮಾತು ನಡೆದೇ ಇರುತ್ತಿತ್ತು. ಹಾಡಿನ ಮಂಪರಿನಲ್ಲಿರುವ ಮಗುವಿಗೆ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ.

ಬೇರೆ ದಾರಿ ಬೇಕಿದ್ದರೆ ಮಧ್ಯಾಹ್ನ ಊರ ಅಂಗನವಾಡಿಗೆ ಹೋಗಿ ನೋಡಬೇಕು. ಚಾಪೆಯ ಮೇಲೆ ಸಾಲಾಗಿ ಕೂತ ಮಕ್ಕಳು, ಎಲ್ಲರ ಮುಂದೆಯೂ ಒಂದೇ ಬಗೆಯ ತಟ್ಟೆ, ಒಂದೇ ಅನ್ನ ಸಾಂಬಾರು. ಬೆರಳ ಸಂದಿಯಿಂದ ಸಾಂಬಾರು ಮೊಣಕೈವರೆಗೆ ಇಳಿದಿರುತ್ತದೆ. ಮನೆಯಲ್ಲಿ ತರಕಾರಿ ಹೆಕ್ಕಿ ಎಸೆಯುವ ಮಗು ಪಕ್ಕದ ಗೆಳೆಯನನ್ನು ನೋಡಿ ಕ್ಯಾರೆಟ್ ಚೂರನ್ನು ಬಾಯಿಗಿಟ್ಟುಕೊಳ್ಳುತ್ತದೆ. ಮನೆಯಲ್ಲೂ ಇದು ಆಗದ ಕೆಲಸವಲ್ಲ. ಮಗುವಿಗೆಂದು ಬೇರೆ ಹೊತ್ತು, ಬೇರೆ ಅಡುಗೆ ಯಾಕೆ? ಎಲ್ಲರೂ ಕೂತಾಗ ಅದನ್ನೂ ಕೂರಿಸಿ, ಖಾರ ಬೀಳುವ ಮೊದಲೇ ತೆಗೆದಿಟ್ಟ ಮಸ್ಸೊಪ್ಪಿನಲ್ಲಿ ಒಂದು ಪುಟ್ಟ ಮುದ್ದೆ ಕೊಡಬಹುದು. ಚೆಲ್ಲಲಿ, ಕೆಳಗೊಂದು ಹಳೆಯ ಪಂಚೆ ಹಾಸಿದರಾಯಿತು. ತಟ್ಟೆ ಎಸೆದರೆ ಗದರಬೇಕಿಲ್ಲ, ನಗಲೂಬಾರದು. ಊಟ ಮುಗಿಯಿತು ಎಂದು ಸಮಾಧಾನವಾಗಿ ತಟ್ಟೆ ಎತ್ತಬೇಕು. ಕಷ್ಟವಿರುವುದು ಅದರ ನಂತರ: ಮುಂದಿನ ಊಟದ ಹೊತ್ತಿನವರೆಗೆ ಬಿಸ್ಕತ್ತಿನ ಡಬ್ಬಿ ತೆರೆಯದಿರುವುದು.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಬಟ್ಟಲಿನಲ್ಲಿ ಎಷ್ಟು ಉಳಿಯಿತೆಂದು ಅಳೆಯುವ ಬದಲು ಬೀರುವಿನಲ್ಲಿರುವ ತಾಯಿ ಕಾರ್ಡ್ ತೆಗೆಯಿರಿ. ಮಗುವಿನ ತೂಕದ ಗೆರೆ ಅದರಲ್ಲಿದೆ. ಗೆರೆ ಮಟ್ಟಸವಾಗಿ ನಿಂತಿದ್ದರೆ, ಕೆಳಗೆ ಬಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೇಲೇರುತ್ತಿದ್ದರೆ, ಇವತ್ತು ರಾತ್ರಿ ಮಗು ಮುಖ ತಿರುಗಿಸಿದ ಕೂಡಲೇ ಬಟ್ಟಲು ಕೆಳಗಿಡಿ.