ನಿರ್ಗಮಿಸಿದ ಗುರುವಿನ ಲೆಕ್ಕ

ಶಾಲೆಯಾಗಲಿ, ಕಾಲೇಜಾಗಲಿ, ಕ್ರೀಡಾತಂಡವಾಗಲಿ, ಹೊಸ ಗುರುವಿನ ಕೊರಳಿಗೆ ಹಾರ ಬಿದ್ದ ದಿನವೇ ಹಳೆಯ ಗುರುವಿನ ಲೆಕ್ಕವನ್ನು ಮುಗಿಸಿಬಿಡುವ ಆತುರ ಜನರಲ್ಲಿ ಕಾಣುತ್ತದೆ. ಹೊಸಬರು ಗೆದ್ದರೆ ಹಳಬರು ಏಕೆ ಗೆಲ್ಲಿಸಲಿಲ್ಲವೆಂಬ ಪ್ರಶ್ನೆ. ಸೋತರೆ ಹಳಬರೇ ವಾಸಿಯಾಗಿದ್ದರೆಂಬ ನಿಟ್ಟುಸಿರು. ಎರಡರಲ್ಲಿಯೂ ಹಳಬರ ದುಡಿಮೆಯನ್ನು ಹೊಸಬರ ಫಲಿತಾಂಶದಿಂದ ಅಳೆಯಲಾಗುತ್ತದೆ. ಇದು ನ್ಯಾಯವಾದ ಅಳತೆಯಲ್ಲ.

ಕನ್ನಡನಾಡಿನ ಇಬ್ಬರು ಹೆಸರಾಂತ ಕ್ರಿಕೆಟ್ ಆಟಗಾರರ ನಿದರ್ಶನ ಈ ಮಾತಿಗೆ ಸಾಕು. ಶ್ರೀ ಅನಿಲ್ ಕುಂಬ್ಳೆಯವರು 2016ರ ಜೂನ್ ತಿಂಗಳಲ್ಲಿ ಭಾರತ ತಂಡದ ತರಬೇತುದಾರರಾದರು. ಅವರಿದ್ದ ಒಂದು ವರ್ಷದಲ್ಲಿ ತಂಡವು 17 ಟೆಸ್ಟ್ ಪಂದ್ಯಗಳನ್ನಾಡಿ 12ರಲ್ಲಿ ಗೆದ್ದಿತು. ಸೋತದ್ದು ಒಂದರಲ್ಲಿ ಮಾತ್ರ. ಆಡಿದ ಐದು ಟೆಸ್ಟ್ ಸರಣಿಗಳೂ ಭಾರತದ ಪಾಲಾದವು. ಆದರೆ 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದೆದುರು 180 ರನ್ನುಗಳ ಸೋಲಾಯಿತು. ಎರಡೇ ದಿನಗಳಲ್ಲಿ ಕುಂಬ್ಳೆಯವರು ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯಶೈಲಿಯ ಬಗೆಗೆ ನಾಯಕನಿಗೆ ಆಕ್ಷೇಪಗಳಿವೆಯೆಂದು ತಿಳಿದುಬಂದುದನ್ನು ಅವರೇ ಪ್ರಕಟಿಸಿದರು. ಮುಂದಿನ ತಿಂಗಳು ಶ್ರೀ ರವಿ ಶಾಸ್ತ್ರಿಯವರ ನೇಮಕವಾಯಿತು.

ಕುಂಬ್ಳೆಯವರ ಅಂಕಿಗಳು ಹೆಮ್ಮೆ ಪಡುವಂಥವು, ನಿಜ. ಆದರೂ ನಿಷ್ಪಕ್ಷಪಾತಿಯಾದವನು ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರ: ಆ 17 ಪಂದ್ಯಗಳಲ್ಲಿ 13 ಸ್ವದೇಶದಲ್ಲಿಯೇ ನಡೆದವು. ಶಾಸ್ತ್ರಿಯವರ ಕಾಲದಲ್ಲಿ ತಂಡವು 2018ರಲ್ಲಿ ದಕ್ಷಿಣ ಆಫ್ರಿಕ ಮತ್ತು ಇಂಗ್ಲೆಂಡಿನ ನೆಲದಲ್ಲಿ ಸೋತಿತು. ಅದೇ ತಂಡ 2018-19ರಲ್ಲಿ ಆಸ್ಟ್ರೇಲಿಯದ ನೆಲದಲ್ಲಿ ಚರಿತ್ರೆಯಲ್ಲೇ ಮೊದಲ ಬಾರಿಗೆ ಟೆಸ್ಟ್ ಸರಣಿಯನ್ನು ಗೆದ್ದಿತು. ಎದುರಾಳಿ ಯಾರು, ಅಂಗಳ ಯಾವುದು ಎಂಬುದನ್ನು ಬಿಟ್ಟು ಬರಿಯ ಗೆಲುವು ಸೋಲುಗಳನ್ನು ತೂಗುವ ತಕ್ಕಡಿ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಒಬ್ಬ ಗುರುವಿನ ಹೆಗಲ ಮೇಲಿನ ಶಾಲನ್ನು ತೆಗೆದು ಇನ್ನೊಬ್ಬರಿಗೆ ಹೊದಿಸಬೇಕಾದ ಅಗತ್ಯವಿಲ್ಲ.

ಶ್ರೀ ರಾಹುಲ್ ದ್ರಾವಿಡ್ ಅವರ ನಿದರ್ಶನ ಇನ್ನೂ ಮನನೀಯವಾದುದು. 2023ರ ವಿಶ್ವಕಪ್ಪಿನಲ್ಲಿ ಅವರ ತಂಡ ಸತತವಾಗಿ 10 ಪಂದ್ಯಗಳನ್ನು ಗೆದ್ದು ನವೆಂಬರ್ 19ರ ಅಂತಿಮ ಪಂದ್ಯದಲ್ಲಿ ಸೋತಿತು. ಅಂದೇ ಅವರ ಲೆಕ್ಕವನ್ನು ಮುಗಿಸಿದ್ದರೆ ಅದು ಸೋತವರ ಲೆಕ್ಕವಾಗುತ್ತಿತ್ತು. ಏಳು ತಿಂಗಳ ಬಳಿಕ, 2024ರ ಜೂನ್ 29ರಂದು, ಬಾರ್ಬಡೋಸಿನಲ್ಲಿ ಭಾರತವು 7 ರನ್ನುಗಳಿಂದ ಟಿ-20 ವಿಶ್ವಕಪ್ಪನ್ನು ಗೆದ್ದಿತು. ಏಳು ರನ್ನುಗಳ ಅಂತರ ಒಬ್ಬ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವುದಾದರೆ ಅಂತಹ ನಿರ್ಣಯದ ಬೆಲೆಯೆಷ್ಟು? ಇದಕ್ಕೂ ಬಹುಮುಂಚೆ, ಅವರು 19 ವರ್ಷದೊಳಗಿನವರ ತಂಡವನ್ನು ಪಳಗಿಸುತ್ತಿದ್ದಾಗ 2016ರಲ್ಲಿ ರಿಷಭ್ ಪಂತ್, 2018ರಲ್ಲಿ ಶುಭ್‌ಮನ್ ಗಿಲ್ ಅವರ ಕೈಕೆಳಗೆ ಬೆಳೆದರು. ಸಸಿಮಡಿಯಲ್ಲಿ ಬಗ್ಗಿ ದುಡಿದವನ ಹೆಸರು ಕಣದ ರಾಶಿಯ ಮೇಲೆ ಬರೆದಿರುವುದಿಲ್ಲ.

ಕಾಲೇಜು ಬಾಸ್ಕೆಟ್‌ಬಾಲಿಗೆ ಹೆಸರಾದ ಅಮೆರಿಕದಲ್ಲಿಯೂ ಇದೇ ಪಾಠವಿದೆ. ಒಂದು ಕಾಲಕ್ಕೆ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿದ್ದ ಜಾನ್ ವುಡನ್ 1948ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ. 1975ರಲ್ಲಿ ನಿವೃತ್ತರಾಗುವ ವೇಳೆಗೆ ಪ್ರಶಸ್ತಿಗಳು ಹತ್ತಾಗಿದ್ದವು. ಹದಿನಾರು ವರ್ಷ ಕಾದ ಆ ಸಂಸ್ಥೆಯೇ ಅವರ ಉತ್ತರಾಧಿಕಾರಿ ಜೀನ್ ಬಾರ್ಟೋ ಅವರ ಪಾಲಿಗೆ ಅಷ್ಟು ಸಹನೆಯ ತಾಣವಾಗಲಿಲ್ಲ. ಎರಡು ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಗೆಲ್ಲಿಸಿಯೂ ಅವರು ಟೀಕೆಗಳ ನಡುವೆ 1977ರಲ್ಲಿ ಹೊರಟುಹೋದರು. ಹಳಬರ ಕೀರ್ತಿ ಹೊಸಬರಿಗೆ ಹೊರೆಯಾಗುವುದೂ ಹೀಗೆಯೇ.

ಹಾಗಾದರೆ ತರಬೇತುದಾರನನ್ನು ಅಳೆಯಲೇಬಾರದೆ? ಅಳೆಯಬೇಕು, ಅಳತೆಗೆ ಅಂಜುವವನು ಗುರುವಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಮೂರು. ಆತನ ಕೈಗೆ ಏನು ಬಂದಿತ್ತು? ದುಡಿಯಲು ಏನನ್ನು ಒದಗಿಸಲಾಯಿತು? ಹೊರಡುವಾಗ ಆತ ಏನನ್ನು ಬಿಟ್ಟುಹೋದ? ಗ್ರಾಮಾಂತರದ ಪ್ರೌಢಶಾಲೆಯೊಂದರ ವ್ಯಾಯಾಮ ಶಿಕ್ಷಕರಿಗೆ ಕಲ್ಲುಮಣ್ಣಿನ ಅಂಗಳವನ್ನೂ ಸವೆದ ಒಂದು ಚೆಂಡನ್ನೂ ಕೊಟ್ಟು, ನಗರದ ಕಾಲೇಜಿನ ಗಾಜಿನ ಬೀರುವಿನಲ್ಲಿರುವ ಬೆಳ್ಳಿಯ ಬಟ್ಟಲನ್ನು ಅವರಿಂದ ಬಯಸುವುದು ಧರ್ಮವಲ್ಲ. ಬಟ್ಟಲು ಬಾರದಿದ್ದರೂ ಹೊತ್ತಿಗೆ ಸರಿಯಾಗಿ ಅಂಗಳಕ್ಕಿಳಿಯುವ, ಸೋತಾಗ ಎದುರಾಳಿಯ ಕೈಕುಲುಕುವ ಮಕ್ಕಳನ್ನು ಅವರು ಬಿಟ್ಟುಹೋಗಿದ್ದರೆ ಅದು ಜಮೆಯ ಕಡೆಗೆ ಬರೆಯಬೇಕಾದ ಮೊತ್ತ. ಗೆಲ್ಲಿಸಿಯೂ ಮಕ್ಕಳ ಮನಸ್ಸನ್ನು ಮುರಿದಿದ್ದರೆ ಅದು ಖರ್ಚಿನ ಕಡೆಯದು. ದಾನಿಗಳು ಬಟ್ಟಲಿಗೆ ಬಹುಮಾನ ಕೊಡುವುದಕ್ಕೆ ಮೊದಲು ಅಂಗಳವನ್ನು ಸಮ ಮಾಡಿಸಿದರೆ ಬರುವ ಗುರುವಿಗೂ ಹೋದ ಗುರುವಿಗೂ ಏಕಕಾಲಕ್ಕೆ ಉಪಕಾರವಾಗುತ್ತದೆ.

ಕಟ್ಟೆಮಳಲವಾಡಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿದವರು ಇಂದು ಕಾಲುವೆಯಲ್ಲಿ ಹರಿಯುವ ನೀರನ್ನು ಕಾಣಲಿಲ್ಲ. ಈ ವರ್ಷದ ಪೈರನ್ನು ಕೊಯ್ಯುವವರು ಕಲ್ಲು ಹೊತ್ತವರಲ್ಲ. ಹಾಗೆಂದು ಕುಡುಗೋಲು ಹಿಡಿದವನ ದುಡಿಮೆ ಸುಳ್ಳಾಗುವುದಿಲ್ಲ, ಕಲ್ಲು ಹೊತ್ತವನ ಋಣವೂ ತೀರುವುದಿಲ್ಲ. ಹೊಸ ಗುರುವನ್ನು ಸ್ವಾಗತಿಸುವ ಸಭೆಯಲ್ಲಿ ಹೋದ ಗುರುವಿಗೂ ಒಂದು ಆಸನವಿರಬೇಕಾದದ್ದು ಅದಕ್ಕಾಗಿಯೇ.