ಮತ್ತೆ ಕುಡಿದ ಅಂದರೆ ಕಥೆ ಮುಗಿಯಿತೇ?

'ಅವ್ನಾ? ಶಿಬಿರಕ್ಕೆ ಹೋಗ್ ಬಂದ, ಮೂರು ತಿಂಗಳು ನೆಟ್ಟಗಿದ್ದ, ಯುಗಾದಿ ಹೊತ್ತಿಗೆ ಮತ್ತೆ ಶುರು ಹಚ್ಕಂಡ ಕಣಣ್ಣ.' ತಿಪಟೂರಿನ ಮಂಡಿ ಪಕ್ಕದ ಹೋಟೆಲಿನಲ್ಲಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನಲ್ಲಾಗಲಿ ಇಂಥ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವ ಧಾಟಿಯಲ್ಲೇ ತೀರ್ಪೂ ಇರುತ್ತದೆ: ಅವನ ಕಥೆ ಮುಗೀತು, ಇನ್ನು ಬಿಟ್ಟುಬಿಡಿ. ಈ ತೀರ್ಪು ತಪ್ಪು ಮಾತ್ರವಲ್ಲ, ಜೀವ ತೆಗೆಯುವಂಥದ್ದು. ಯಾಕೆಂದು ಹೇಳಲು ದೂರದ ಅಮೆರಿಕದ ಟಿ.ವಿ. ನಟನೊಬ್ಬನ ಬದುಕನ್ನು ಮುಂದಿಡುತ್ತೇನೆ.

ಮ್ಯಾಥ್ಯೂ ಪೆರ್ರಿ. 1994ರಿಂದ 2004ರವರೆಗೆ ಹತ್ತು ಸೀಸನ್, 236 ಕಂತು ಓಡಿದ 'ಫ್ರೆಂಡ್ಸ್' ಧಾರಾವಾಹಿಯ ಚಾಂಡ್ಲರ್. ನಮ್ಮೂರಿಂದ ಬೆಂಗಳೂರಿಗೆ ಓದಲು ಹೋದ ಮಕ್ಕಳು ಇವತ್ತಿಗೂ ಮೊಬೈಲಿನಲ್ಲಿ ಅವನನ್ನು ನೋಡಿ ನಗುತ್ತಾರೆ. ಕೊನೆಯ ಎರಡು ಸೀಸನ್‌ಗೆ ಕಂತೊಂದಕ್ಕೆ ಹತ್ತು ಲಕ್ಷ ಡಾಲರ್ ಸಂಭಾವನೆ. ಅವನು ಮೊದಲ ಸಲ ಕುಡಿದದ್ದು ಹದಿನಾಲ್ಕನೇ ವಯಸ್ಸಿನಲ್ಲಿ. 1997ರ ಹೊತ್ತಿಗೆ ಸಿನಿಮಾವೊಂದರ ಚಿತ್ರೀಕರಣದಲ್ಲಿ ನೀರಿನ ಸ್ಕೂಟರಿನಿಂದ ಪೆಟ್ಟಾಯಿತು, ವೈದ್ಯರು ನೋವಿನ ಮಾತ್ರೆ ಕೊಟ್ಟರು. ಆ ಒಂದು ಮಾತ್ರೆ ಬೆಳೆಯುತ್ತ ಹೋಗಿ ದಿನಕ್ಕೆ ಐವತ್ತೈದಕ್ಕೆ ಮುಟ್ಟಿತು. ಅಷ್ಟು ಮಾತ್ರೆಗೆ ಎಲ್ಲಿಗೆ ಹೋಗುವುದು? ಮಾರಾಟಕ್ಕಿಟ್ಟ ಮನೆಗಳನ್ನು ಕೊಳ್ಳುವವನಂತೆ ನೋಡಲು ಹೋಗಿ, ಬಚ್ಚಲುಮನೆಯ ಔಷಧದ ಕಪಾಟಿನಿಂದ ಮಾತ್ರೆ ಕದಿಯುತ್ತಿದ್ದನಂತೆ. ಇದನ್ನು ಬರೆದದ್ದು ಬೇರೆ ಯಾರೂ ಅಲ್ಲ, ಅವನೇ. 2022ರ ನವೆಂಬರಿನಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ.

ಆ ಪುಸ್ತಕದಲ್ಲಿ ಇನ್ನೊಂದು ಸಂಗತಿಯಿದೆ. ಧಾರಾವಾಹಿಯನ್ನು ಸೀಸನ್ ಸೀಸನ್‌ಗೆ ನೋಡುತ್ತ ಹೋದರೆ ತನ್ನ ಮೈಯೇ ಲೆಕ್ಕ ಹೇಳುತ್ತದೆ ಎನ್ನುತ್ತಾನೆ. ದಪ್ಪಗಾಗಿದ್ದರೆ ಅದು ಕುಡಿತ, ಸೊರಗಿದ್ದರೆ ಮಾತ್ರೆ. ಕಥೆಯಲ್ಲಿ ಚಾಂಡ್ಲರ್-ಮೋನಿಕಾ ಮದುವೆಯ ಕಂತಿದೆಯಲ್ಲ, ಕೋಟ್ಯಂತರ ಜನ ಕಣ್ಣು ತುಂಬಿಕೊಂಡು ನೋಡಿದ್ದು? ಅದರ ಶೂಟಿಂಗ್ ಮುಗಿದೊಡನೆ ಮದುಮಗನನ್ನು ಗಾಡಿಯಲ್ಲಿ ಕೂರಿಸಿ ವ್ಯಸನಮುಕ್ತಿ ಕೇಂದ್ರಕ್ಕೆ ವಾಪಸು ಬಿಟ್ಟುಬಂದರು. ಇಷ್ಟಾದರೂ ಡೈಲಾಗು ತಪ್ಪಲಿಲ್ಲ, ಜನ ನಗುವುದು ನಿಲ್ಲಲಿಲ್ಲ. ನಡುವಿನ ಮೂರು ವರ್ಷದ ಚಿತ್ರೀಕರಣ ತನಗೆ ನೆನಪೇ ಇಲ್ಲ ಎಂದು 2016ರಲ್ಲಿ ಬಿಬಿಸಿ ರೇಡಿಯೊದಲ್ಲಿ ಹೇಳಿದ.

ನಮ್ಮಲ್ಲಿ 'ಕುಡೀತಾನೆ, ಆದ್ರೆ ಕೆಲ್ಸದಲ್ಲಿ ಹುಲಿ' ಅನ್ನುತ್ತೇವಲ್ಲ, ಅದು ಇದೇ. ಬೆಳಗಾದರೆ ಮರ ಹತ್ತಿ ಕಾಯಿ ಕೆಡವುತ್ತಾನೆ, ಸಂಜೆಯೊಳಗೆ ರಾಶಿ ಸುಲಿದು ಹಾಕುತ್ತಾನೆ, ಹಾಗಾಗಿ ಅವನಿಗೇನೂ ಆಗಿಲ್ಲ. ಮರದ ತುದಿಯಲ್ಲಿ ಕೈ ನಡುಗುವ ದಿನದವರೆಗೂ ಯಾರೂ ಏನೂ ಕೇಳುವುದಿಲ್ಲ. ಕುಡಿಯಲು ನೆಪವೂ ಸಿಗುತ್ತದೆ. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಮರುವರ್ಷ ಮಾರುಕಟ್ಟೆ 20,000 ದಾಟಿತು. ರೇಟು ಬಿದ್ದಾಗ ಬೇಜಾರಿಗೆ ಕುಡಿದವನು ರೇಟು ಏರಿದಾಗ ಖುಷಿಗೆ ಕುಡಿದ. ಕಾರಣ ಬದಲಾಯಿತು, ಕ್ವಾಟ್ರು ಬದಲಾಗಲಿಲ್ಲ.

ಪೆರ್ರಿ ಹದಿನೈದು ಸಲ ಚಿಕಿತ್ಸೆಗೆ ಸೇರಿದ. ಕುಡಿತ ಬಿಡುವವರು ಕೂಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಸುಮಾರು ಆರು ಸಾವಿರ ಸಲ ಹೋದ. ಕಳೆದದ್ದು 70 ಲಕ್ಷ ಡಾಲರಿಗೂ ಮೇಲೆ. 2018ರಲ್ಲಿ ದೊಡ್ಡ ಕರುಳು ಒಡೆಯಿತು. ಬದುಕುವ ಸಾಧ್ಯತೆ ನೂರಕ್ಕೆ ಎರಡು ಎಂದು ವೈದ್ಯರು ಮನೆಯವರಿಗೆ ಹೇಳಿದರು. ಎರಡು ವಾರ ಕೋಮಾ, ಐದು ತಿಂಗಳು ಆಸ್ಪತ್ರೆ. ಬದುಕಿದ. ಕೊನೆಗೆ 2023ರ ಅಕ್ಟೋಬರ್ 28ರಂದು, 54ನೇ ವಯಸ್ಸಿನಲ್ಲಿ, ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಸತ್ತುಬಿದ್ದಿದ್ದ. ಕಾರಣ ಕೆಟಮೈನ್ ಎಂಬ ಅರಿವಳಿಕೆ ಔಷಧಿ ಎಂದು ಮರಣೋತ್ತರ ವರದಿ ಹೇಳಿತು. ಅದನ್ನು ಅವನ ಕೈಗೆ ಮುಟ್ಟಿಸಿದ ಐವರ ಮೇಲೆ ಕೇಸಾಯಿತು. ಅವರಲ್ಲಿ ಇಬ್ಬರು ವೈದ್ಯರು. ಐವರೂ ತಪ್ಪೊಪ್ಪಿಕೊಂಡರು.

'ನೋಡಿದ್ರಾ, ಹದಿನೈದು ಸಲ ಹೋಗಿಯೂ ಸತ್ತನಲ್ಲ' ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ಹದಿನೈದು ಸಲ ಹೋಗದಿದ್ದರೆ ಎಂದೋ ಸಾಯುತ್ತಿದ್ದ. ನಡುವೆ ನೆಟ್ಟಗಿದ್ದ ವರ್ಷಗಳಲ್ಲಿ ಮಾಲಿಬುವಿನ ತನ್ನ ಮನೆಯನ್ನೇ ಕುಡಿತ ಬಿಟ್ಟ ಗಂಡಸರ ಆಶ್ರಯವಾಗಿ ಮಾಡಿದ. 2013ರಲ್ಲಿ ಬಿಬಿಸಿ ಚರ್ಚೆಯಲ್ಲಿ ಕೂತು, ವ್ಯಸನ ಚಪಲವಲ್ಲ, ಕಾಯಿಲೆ ಎಂದು ವಾದಿಸಿದ. ಯಾರಾದರೂ ಬಂದು ಕುಡಿತ ಬಿಡಲು ಸಹಾಯ ಮಾಡು ಎಂದರೆ ಆಗಲಿ ಎನ್ನಬಲ್ಲೆ, ಅದೇ ನನ್ನ ದೊಡ್ಡ ಕೆಲಸ ಎಂದು ನಂಬಿದ್ದ. ಆ ವರ್ಷಗಳು ಸುಳ್ಳಲ್ಲ.

ಸಕ್ಕರೆ ಕಾಯಿಲೆಯವರು ಹಬ್ಬದಲ್ಲಿ ಹೋಳಿಗೆ ತಿಂದು ಶುಗರ್ ಏರಿಸಿಕೊಂಡರೆ ನಾವು ಇನ್ನು ಆಸ್ಪತ್ರೆಗೆ ಹೋಗಬೇಡ ಅನ್ನುವುದಿಲ್ಲ. ಕುಡಿತಕ್ಕೆ ಮಾತ್ರ ಒಂದೇ ಅವಕಾಶ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಎಷ್ಟೋ ಮನೆ ಉಳಿಸಿದೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಸಭೆಗಳೂ ಇವೆ. ಆದರೆ ಜಾರಿದವನು ಆ ಸಭೆಗೆ ನಾಚಿಕೆಯಿಂದ ಹೋಗುವುದಿಲ್ಲ. ಹೋಗಲೇಬೇಕಾದವನು ಅವನೇ.

ಮನೆಯವರು ಹತಾಶರಾಗಿ ಎರಡು ಕೆಲಸ ಮಾಡುತ್ತಾರೆ, ಎರಡೂ ಅಪಾಯ. ಒಂದು, ಕುಡಿತ ಬಿಡಿಸುವ ಪುಡಿ ತಂದು ಅವನಿಗೆ ಗೊತ್ತಾಗದಂತೆ ಸಾರಿಗೆ ಬೆರೆಸುವುದು. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು ಪ್ರಾಣವೇ ಹೋಗಬಹುದು. ವೈದ್ಯರು ಆ ಔಷಧವನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಎರಡು, ಕೋಣೆಯಲ್ಲಿ ಕೂಡಿಹಾಕುವುದು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾನೆ. ಗಾಳಿ ಸೋಕಿದೆ ಎಂದು ದೇವರ ಗುಡಿಗೆ ಕರೆದೊಯ್ಯುತ್ತಾರೆ. ಅದು ಗಾಳಿಯಲ್ಲ, ಮದ್ಯ ನಿಂತದ್ದರ ಉಪದ್ರವ. ತಕ್ಷಣ ಆಸ್ಪತ್ರೆಗೆ ಸೇರಿಸಿದರೆ ಔಷಧಿಯಿಂದ, ಥಯಾಮಿನ್ ಚುಚ್ಚುಮದ್ದಿನಿಂದ ಉಳಿಸಿಕೊಳ್ಳಬಹುದು.

ಸಾರಾಯಿಯನ್ನು ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು; ಕುಡಿತ ಬಾಟಲಿಗೆ, ಪ್ಯಾಕೆಟ್ಟಿಗೆ ದಾಟಿಕೊಂಡಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಅದರಲ್ಲಿ ನಮ್ಮ ಮೂರು ತಾಲ್ಲೂಕಿನ ಕೂಲಿಕಾರರ, ರೈತರ ದುಡ್ಡೂ ಇದೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕೆಂಬ ವ್ಯವಸ್ಥೆಯಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಷ್ಟದ ಸ್ಥಿತಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಆದರೆ ನಡುಕ ಹತ್ತಿದ ರಾತ್ರಿ ಬೆಂಗಳೂರಿನವರೆಗೆ ಹೋಗಲಾಗುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಆಸ್ಪತ್ರೆಗಳಲ್ಲಿ ಕುಡಿತ ಬಿಡುವವರಿಗೇ ಅಂತ ಹಾಸಿಗೆ, ಔಷಧಿ, ರಾತ್ರಿಪಾಳಿಗೆ ತರಬೇತಾದ ನರ್ಸ್ ಮೀಸಲಿಡಬೇಕು. ಒಬ್ಬನೇ ಐದನೇ ಸಲ ಬಂದರೂ ಬಯ್ಯದೆ ದಾಖಲು ಮಾಡಿಕೊಳ್ಳಬೇಕು. ಮುಂದಿನ ಬಜೆಟ್ ಹೊತ್ತಿಗೆ ನಮ್ಮ ಮೂವರು ಶಾಸಕರ ಬಳಿ ಇದನ್ನು ಬರಹದಲ್ಲಿ ಕೇಳೋಣ. ಸ್ತ್ರೀಶಕ್ತಿ ಸಂಘಗಳ ಹೆಂಗಸರು ಮುಂದೆ ನಿಂತರೆ ಸಹಿಗೆ ಬರವಿರುವುದಿಲ್ಲ.