ಕಣ್ಣೊಳಗಿನ ಯಂತ್ರ ಮತ್ತು ತಯಾರಕರ ಹೊಣೆ

ಸರಕನ್ನು ಮಾರಿ ಹಣ ಪಡೆದ ಮಾತ್ರಕ್ಕೆ ತಯಾರಕರ ಹೊಣೆ ತೀರುವುದಿಲ್ಲ ಎಂಬುದು ವ್ಯಾಪಾರದ ಹಳೆಯ ನೀತಿ. ಪಂಪು ಕೆಟ್ಟರೆ ಬಿಡಿಭಾಗ ಸಿಗಬೇಕು, ತೂಕದ ಯಂತ್ರ ತಪ್ಪು ತೋರಿದರೆ ಸರಿಪಡಿಸುವವರು ಬೇಕು. ತಯಾರಕರು ಕಾರ್ಖಾನೆಯನ್ನೇ ಮುಚ್ಚಿದರೂ ಗಿರಾಕಿಯು ಬೇರೊಂದು ಪಂಪನ್ನು ಕೊಳ್ಳಬಹುದು. ಆದರೆ ಮಾರಿದ ಯಂತ್ರವು ಗಿರಾಕಿಯ ಕಣ್ಣಿನೊಳಗೇ ಇದ್ದರೆ ಗತಿಯೇನು? ಅಮೆರಿಕದ ಸೆಕೆಂಡ್ ಸೈಟ್ ಮೆಡಿಕಲ್ ಪ್ರಾಡಕ್ಟ್ಸ್ ಸಂಸ್ಥೆಯ ಕಥೆಯು ಈ ಪ್ರಶ್ನೆಯನ್ನು ಉದ್ಯಮ ಜಗತ್ತಿನ ಮುಂದಿಟ್ಟಿದೆ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೋಗದಲ್ಲಿ, ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಕ್ರಮೇಣ ನಶಿಸುತ್ತವೆ. ಆದರೆ ಅವುಗಳಿಂದ ಸಂಕೇತವನ್ನು ಪಡೆದು ಮಿದುಳಿನತ್ತ ಸಾಗಿಸುವ ಒಳಪದರದ ನರಕೋಶಗಳಲ್ಲಿ ಅನೇಕವು ಉಳಿದಿರುತ್ತವೆ. ಈ ಕೋಶಗಳನ್ನು ಸಣ್ಣ ವಿದ್ಯುತ್ ಮಿಡಿತಗಳಿಂದ ಪ್ರಚೋದಿಸಿದರೆ ಅಂಧರಿಗೆ ಬೆಳಕಿನ ಚುಕ್ಕೆಗಳು ಗೋಚರಿಸುತ್ತವೆ. ಸೆಕೆಂಡ್ ಸೈಟ್ ತಯಾರಿಸಿದ ಆರ್ಗಸ್-2 ಸಾಧನದ ತತ್ತ್ವವಿದು. ಕನ್ನಡಕದಲ್ಲಿನ ಕ್ಯಾಮೆರಾ ಚಿತ್ರವನ್ನು ಹಿಡಿಯುತ್ತದೆ; ಮೈಮೇಲೆ ಧರಿಸುವ ಪುಟ್ಟ ಪೆಟ್ಟಿಗೆ ಅದನ್ನು ಸಂಕೇತಗಳಾಗಿ ಪರಿವರ್ತಿಸುತ್ತದೆ; ತಂತಿಯಿಲ್ಲದೆ ಒಳಸಾಗಿದ ಸಂಕೇತವು ಅಕ್ಷಿಪಟಲದ ಮೇಲೆ ಕೂರಿಸಿದ 60 ವಿದ್ಯುದ್ವಾರಗಳ ಫಲಕವನ್ನು ತಲುಪುತ್ತದೆ. ಇದರಿಂದ ಸಹಜ ದೃಷ್ಟಿ ಮರಳುವುದಿಲ್ಲ. ಬಾಗಿಲು, ಕಿಟಕಿ, ಎದುರಿನ ಮನುಷ್ಯನ ಆಕಾರ, ಕೆಲವರಿಗೆ ದೊಡ್ಡ ಅಕ್ಷರಗಳು ಗುರುತಿಗೆ ಬರುತ್ತವೆ. ಹಲವು ವರ್ಷ ಕತ್ತಲಲ್ಲಿದ್ದವರಿಗೆ ಇಷ್ಟೂ ಅಮೂಲ್ಯವೇ.

ಈ ಸಾಧನಕ್ಕೆ ಯೂರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆಯಿತು. ಅಮೆರಿಕದ ಅನುಮತಿಯು ವಿರಳ ರೋಗಗಳ ಸಾಧನಗಳಿಗೆಂದೇ ಇರುವ ವಿಶೇಷ ವಿನಾಯಿತಿಯಡಿ ಲಭಿಸಿದ್ದು. ಅಂದರೆ ಮಾರುಕಟ್ಟೆಯು ಚಿಕ್ಕದೆಂಬುದು ಆರಂಭದಲ್ಲೇ ಸ್ಪಷ್ಟವಿತ್ತು. ಶಸ್ತ್ರಚಿಕಿತ್ಸೆಯ ಖರ್ಚನ್ನು ಬಿಟ್ಟು ಸಾಧನದ ಬೆಲೆಯೇ ಸುಮಾರು ಒಂದೂವರೆ ಲಕ್ಷ ಡಾಲರು. 2014ರಲ್ಲಿ ಸಂಸ್ಥೆಯು ಸಾರ್ವಜನಿಕರಿಗೆ ಷೇರು ನೀಡಿತು. ವಿಶ್ವದಾದ್ಯಂತ ಸಾಧನವನ್ನು ಅಳವಡಿಸಿಕೊಂಡವರ ಸಂಖ್ಯೆ 350ನ್ನು ಮೀರಿತಾದರೂ ಮಾರಾಟದಿಂದ ವೆಚ್ಚ ಹೊರಡಲಿಲ್ಲ. 2019ರಲ್ಲಿ ಸಂಸ್ಥೆಯು ಆರ್ಗಸ್-2ರ ತಯಾರಿಕೆಯನ್ನು ಕೈಬಿಟ್ಟು, ಮಿದುಳನ್ನೇ ನೇರವಾಗಿ ಪ್ರಚೋದಿಸುವ ಓರಿಯನ್ ಎಂಬ ಸಾಧನದತ್ತ ಹೊರಳಿತು. 2020ರ ಮಾರ್ಚಿನಲ್ಲಿ ಬಹುಪಾಲು ನೌಕರರನ್ನು ಕೆಲಸದಿಂದ ತೆಗೆಯಿತು. 2022ರಲ್ಲಿ ಅದು ಔಷಧ ಕ್ಷೇತ್ರದ ಬೇರೊಂದು ಸಂಸ್ಥೆಯೊಡನೆ ವಿಲೀನಗೊಂಡು ಹೆಸರನ್ನೂ ಬದಲಿಸಿಕೊಂಡಿತು.

ಷೇರುದಾರರು ನಷ್ಟವನ್ನು ಬರೆದುಹಾಕಿ ಮುಂದೆ ಸಾಗಬಹುದು. ಕಣ್ಣಿನಲ್ಲಿ ಯಂತ್ರವಿರುವವರು ಹಾಗೆ ಸಾಗಲಾರರು. ಹೊರಗಿನ ಪೆಟ್ಟಿಗೆ ಕೆಟ್ಟರೆ ಬದಲಿ ಎಲ್ಲಿ? ದುರಸ್ತಿ ಬಲ್ಲವರು ಯಾರು? ಎಂಆರ್‌ಐ ತಪಾಸಣೆ ಬೇಕಾದಾಗ ವೈದ್ಯರು ಯಾರನ್ನು ಕೇಳಬೇಕು? ಯಂತ್ರವನ್ನು ಹೊರತೆಗೆಸೋಣವೆಂದರೆ ಮತ್ತೊಂದು ಶಸ್ತ್ರಚಿಕಿತ್ಸೆಯ ಅಪಾಯ. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯು ಇಲ್ಲಿ ಹಣಕ್ಕಷ್ಟೇ ಅಲ್ಲ, ದೇಹಕ್ಕೂ ಅನ್ವಯಿಸಿತು.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ದೊಡ್ಡ ಪಾಠವಿದೆ. ಭಾರತದ ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ನಡೆದುಹೋದ ವ್ಯವಹಾರದಿಂದ ಹೊಣೆಯೊಂದು ಹುಟ್ಟಿದ್ದು, ಹಣ ಹೊರಹೋಗುವ ಸಂಭವವಿದ್ದು, ಮೊತ್ತವನ್ನು ಅಂದಾಜು ಮಾಡಬಹುದಾದರೆ ಅದಕ್ಕೆ ಏರ್ಪಾಡು ಮಾಡಲೇಬೇಕು. ವಾರಂಟಿಯು ಇದರ ಪರಿಚಿತ ಉದಾಹರಣೆ. ಹಿಂದಿನ ಅನುಭವದ ಆಧಾರದಲ್ಲಿ ಶಾಸ್ತ್ರೀಯವಾಗಿ ಲೆಕ್ಕಹಾಕಿದ ವಾರಂಟಿ ಏರ್ಪಾಡನ್ನು ಆದಾಯ ತೆರಿಗೆಗೂ ಖರ್ಚೆಂದು ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಏರ್ಪಾಡೆಂಬುದು ಪುಸ್ತಕದಲ್ಲಿನ ಒಂದು ಅಂಕಿ, ತಿಜೋರಿಯಲ್ಲಿನ ಹಣವಲ್ಲ. ಅಢಾವೆ ಪತ್ರಿಕೆಯಲ್ಲಿ ಹೊಣೆಯನ್ನು ತೋರಿಸಿದ ಸಂಸ್ಥೆಯ ಬಳಿ ಅದನ್ನು ತೀರಿಸುವ ಹಣ ಇಲ್ಲದಿರಬಹುದು. ಸಂಸ್ಥೆಯು ಮುಂದೆಯೂ ನಡೆಯುತ್ತದೆಂಬ ನಂಬಿಕೆಯ ಮೇಲೆ ಲೆಕ್ಕಪತ್ರಗಳು ನಿಂತಿವೆ. ಆ ನಂಬಿಕೆ ಕುಸಿದ ದಿನವೇ ಗಿರಾಕಿಗೆ ತಯಾರಕರ ಅಗತ್ಯ ಅತಿ ಹೆಚ್ಚು.

ಆದುದರಿಂದ ದೇಹದೊಳಗೆ ಕೂರಿಸುವ ಸಾಧನಗಳಿಗೆ ಅನುಮತಿ ನೀಡುವಾಗಲೇ ಎರಡು ಷರತ್ತುಗಳನ್ನು ವಿಧಿಸುವುದು ನ್ಯಾಯವಾಗಿದೆ. ಒಂದು, ಪ್ರತಿ ಮಾರಾಟದ ಬೆಲೆಯಲ್ಲಿ ಒಂದು ಭಾಗವು ಸಂಸ್ಥೆಯ ಸಾಲಗಾರರ ಕೈಗೆ ಸಿಗದಂತೆ ಪ್ರತ್ಯೇಕ ಟ್ರಸ್ಟಿನಲ್ಲಿ ಜಮೆಯಾಗಬೇಕು. ಎರಡು, ಸಂಸ್ಥೆಯು ತಯಾರಿಕೆಯನ್ನು ನಿಲ್ಲಿಸಿದರೆ ವಿನ್ಯಾಸದ ನಕ್ಷೆಗಳು ಮತ್ತು ತಂತ್ರಾಂಶವು ದುರಸ್ತಿ ಮಾಡಬಲ್ಲವರಿಗೆ ದೊರೆಯಬೇಕು. ಇಂತಹ ಹೊರೆಯಿಂದ ಹೊಸ ಸಂಶೋಧನೆಗೆ ಬಂಡವಾಳವೇ ಬಾರದೆಂಬ ಆಕ್ಷೇಪವಿದೆ. ಆಕ್ಷೇಪವು ಹಗುರವಾದುದಲ್ಲ, ಸಾಹಸಿಗಳಿಲ್ಲದಿದ್ದರೆ ಆರ್ಗಸ್ ಹುಟ್ಟುತ್ತಲೇ ಇರಲಿಲ್ಲ. ಆದರೆ ಆ ವೆಚ್ಚ ಈಗಲೂ ಇದ್ದೇ ಇದೆ. ಬೆಲೆಯಲ್ಲಿ ಕಾಣಿಸದೆ, ಅದನ್ನು ಹೊರಲು ಅತಿ ಅಸಮರ್ಥನಾದ ರೋಗಿಯ ತಲೆಗೆ ಕಟ್ಟಲಾಗುತ್ತಿದೆ ಅಷ್ಟೆ.

ಯಂತ್ರೋಪಕರಣ, ನಿಯಂತ್ರಣ ಫಲಕ, ವೈದ್ಯಕೀಯ ಸಲಕರಣೆಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಈ ಮಾತು ದೂರದ್ದಲ್ಲ. ಮಾರಿದ ಸರಕಿನ ಬಾಳಿಕೆ ಹತ್ತು ವರ್ಷವಿದ್ದು, ಬಿಡಿಭಾಗದ ದಾಸ್ತಾನು ಎರಡೇ ವರ್ಷಕ್ಕೆ ಸಾಕಾಗುವಷ್ಟಿದ್ದರೆ, ಪುಸ್ತಕದ ಲಾಭದಲ್ಲಿ ಒಂದಂಶವು ಗಿರಾಕಿಗೆ ಸಲ್ಲಬೇಕಾದುದೇ ಆಗಿದೆ. ಆ ಅಂಶವನ್ನು ಪ್ರತ್ಯೇಕ ಠೇವಣಿಯಲ್ಲಿಡುವುದು ವಿವೇಕ.

ಕ್ಷೇತ್ರದ ಪ್ರಗತಿಯೇನೂ ನಿಂತಿಲ್ಲ. ಫ್ರಾನ್ಸಿನ ಪಿಕ್ಸಿಯಮ್ ವಿಷನ್ ಸಂಸ್ಥೆಯು ಬೆಳೆಸಿದ ಪ್ರೀಮಾ ಎಂಬ 2 ಮಿಲಿಮೀಟರ್ ಅಗಲದ ಚಿಪ್ಪು, ವಯಸ್ಸಿನೊಂದಿಗೆ ಅಕ್ಷಿಪಟಲದ ನಡುಭಾಗ ನಶಿಸಿದ ರೋಗಿಗಳಲ್ಲಿ ಉತ್ತಮ ಫಲ ನೀಡಿದೆ. ವರ್ಷದ ಕೊನೆಯಲ್ಲಿ ಪರೀಕ್ಷೆಗೊಳಗಾದ 32 ಮಂದಿಯಲ್ಲಿ 26 ಮಂದಿಯ ದೃಷ್ಟಿಯು ಗಮನಾರ್ಹವಾಗಿ ಸುಧಾರಿಸಿದ್ದು 2025ರಲ್ಲಿ ಪ್ರಕಟವಾಯಿತು. ಆದರೆ ಆ ವೇಳೆಗಾಗಲೇ ಪಿಕ್ಸಿಯಮ್ ಆರ್ಥಿಕವಾಗಿ ಕುಸಿದಿತ್ತು; 2024ರಲ್ಲಿ ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಪ್ರೀಮಾವನ್ನು ಕೊಂಡಿತ್ತು. ಈ ಬಾರಿ ಕೊಳ್ಳುವವರು ಸಿಕ್ಕರು. ಸಿಗದಿದ್ದರೆ ಏನು ಮಾಡಬೇಕೆಂಬುದನ್ನು ಮುಂದಿನ ಚಿಪ್ಪು ಕಣ್ಣಿನೊಳಗೆ ಕೂರುವ ಮುನ್ನವೇ ಬರೆದಿಡಬೇಕಾಗಿದೆ.